ಗೋಳಗುಮ್ಮಟವನ್ನು ಕೊನೆಗಿಟ್ಟ ಹಳದಿ ಹಾಳೆ: ನನ್ನ ಅನುಭವ

ವಿಜಯಪುರಕ್ಕೆ ಬಂದವರು ಎರಡನೆಯ ರಾತ್ರಿಯೂ ಉಳಿಯುತ್ತಾರೆ ಎಂದರೆ ನಮ್ಮ ಊರಿನ ಲಾಡ್ಜಿನವರು ಈಗಲೂ ಒಮ್ಮೆಗೇ ನಂಬುವುದಿಲ್ಲ. ರಿಜಿಸ್ಟರ್ ತೆರೆದು ಮುಂದಿಟ್ಟ ಮೇಲೆ ಸುಮ್ಮನಾಗುತ್ತಾರೆ. ನನ್ನದು ನಾಲ್ಕು ಕೋಣೆಗಳ ಹೋಂಸ್ಟೇ. ಕೆಳಗೆ ನಾವು, ಮೇಲೆ ಅತಿಥಿಗಳು. ಕೋಣೆಗೆ ದಿನಕ್ಕೆ 1,200 ರೂಪಾಯಿಯ ಆಸುಪಾಸು. ಇಷ್ಟು ಹೇಳಿದರೆ ಈ ಕಸುಬಿನವರಿಗೆ ನನ್ನ ಲೆಕ್ಕಾಚಾರ ತಿಳಿಯುತ್ತದೆ. ಆದ್ದರಿಂದ ಪರವಾನಗಿ, ಬುಕಿಂಗ್ ಆ್ಯಪ್, ಹಾಸಿಗೆ ಹೊದಿಕೆಗಳ ಗೊಡವೆಗೆ ಹೋಗುವುದಿಲ್ಲ. ಊರಿನವರ ಸಲಹೆಯನ್ನು ಹೇಗೆ ಕೇಳಿ ಪಡೆದೆ, ಯಾವುದನ್ನು ಬಿಟ್ಟೆ, ಒಂದು ಹಳದಿ ಹಾಳೆಯ ಮೇಲೆ ಯಾವ ಕ್ರಮದಲ್ಲಿ ಅತಿಥಿಯ ಕೈಗೆ ಕೊಟ್ಟೆ ಎಂಬುದನ್ನಷ್ಟೇ ಬರೆಯುತ್ತೇನೆ. ಬಾದಾಮಿ, ಬೀದರ್, ಕಲಬುರಗಿಯಲ್ಲಿ ಇದೇ ಕಸುಬು ಮಾಡುವ ಕೆಲವರು ಕೇಳುತ್ತಲೇ ಇದ್ದಾರೆ, ಅವರಿಗೆಂದೇ ಇದು.

ನಮ್ಮ ಊರಿಗೆ ಒಂದು ವಿಚಿತ್ರ ಕಷ್ಟವಿದೆ. ಗೋಳಗುಮ್ಮಟ ರೈಲು ನಿಲ್ದಾಣದ ಹತ್ತಿರವೇ ಇದೆ. ಬೆಳಗ್ಗೆ ಇಳಿದವರು ಹಲ್ಲುಜ್ಜಿ, ತಿಂಡಿ ತಿಂದು ಹತ್ತೂವರೆಗೆ ಗುಮ್ಮಟ ಹತ್ತುತ್ತಾರೆ. ಅಷ್ಟು ಹೊತ್ತಿಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಹೊರವ್ಯಾಸವೇ ಸುಮಾರು 44 ಮೀಟರ್ ಇರುವ ಆ ಗುಮ್ಮಟದೊಳಗೆ ಇನ್ನೂರು ಮಕ್ಕಳು ಒಟ್ಟಿಗೆ ಕೂಗಿದರೆ ಪಿಸುಮಾತಿನ ಗ್ಯಾಲರಿಯಲ್ಲಿ ಪಿಸುಮಾತನ್ನು ಕೇಳುವುದು ಎಲ್ಲಿಂದ ಬಂತು? ಕಿವಿ ಮುಚ್ಚಿಕೊಂಡು ಇಳಿದು ಬರುತ್ತಾರೆ. ಹನ್ನೆರಡಕ್ಕೆ ಮಲಿಕ್-ಎ-ಮೈದಾನ್ ತೋಪು, ಒಂದಕ್ಕೆ ನೆತ್ತಿ ಸುಡುವ ಬಿಸಿಲಿನಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಗೋರಿಯಿರುವ ಇಬ್ರಾಹಿಂ ರೋಜಾ, ಎರಡಕ್ಕೆ ಊಟ, ಮೂರಕ್ಕೆ ಬಾದಾಮಿಯ ದಾರಿ. ಆದಿಲ್‌ಶಾಹಿಗಳು ಇನ್ನೂರು ವರ್ಷ ಕಟ್ಟಿದ ಊರನ್ನು ಐದು ಗಂಟೆಯಲ್ಲಿ ಮುಗಿಸಿ, ‘ನೋಡಿ ಆಯಿತು’ ಎಂದು ಹೊರಡುವವರನ್ನು ಕಂಡರೆ ನನಗೆ ಕೋಣೆ ಖಾಲಿಯಾದುದಕ್ಕಿಂತ ಹೆಚ್ಚು ಸಂಕಟವಾಗುತ್ತಿತ್ತು. ಹುಟ್ಟಿ ಬೆಳೆದ ಊರು ಇದು. ಅವರು ನೋಡಿದ್ದು ಇದನ್ನಲ್ಲ.

ಮೊದಲು ಬಣ್ಣದ ನಕ್ಷೆ ಮಾಡಿಸಿದೆ. ಹೊಳೆಯುವ ಕಾಗದ, ಐವತ್ತಕ್ಕೂ ಹೆಚ್ಚು ಸ್ಥಳಗಳು, ಪ್ರತಿಯೊಂದಕ್ಕೂ ಚಿತ್ರ. ಒಂದು ಸಾವಿರ ಪ್ರತಿಗೆ 14–15 ಸಾವಿರ ರೂಪಾಯಿ ಬಿತ್ತು. ಅತಿಥಿಗಳು ಅದನ್ನು ಹಾಸಿಗೆಯ ಮೇಲೆಯೇ ಬಿಟ್ಟು ಹೋಗುತ್ತಿದ್ದರು. ಐವತ್ತು ಸ್ಥಳ ತೋರಿಸಿದರೆ ಮನುಷ್ಯ ತನಗೆ ಮೊದಲೇ ಗೊತ್ತಿದ್ದ ಮೂರನ್ನೇ ನೋಡುತ್ತಾನೆ. ಉಳಿದ ಪ್ರತಿಗಳ ಹಿಂಬದಿಯನ್ನು ನನ್ನ ಮಗಳು ರಫ್ ಲೆಕ್ಕಕ್ಕೆ ಬಳಸಿದಳು.

ಆಮೇಲೆ ಕಾರಿನ ಪ್ಯಾಕೇಜು. ಇಡೀ ಊರು ತೋರಿಸಲು 1,800 ರೂಪಾಯಿ, ಅದರಲ್ಲಿ ನನಗೆ ಸುಮಾರು 300. ಇದು ನನ್ನ ಕೋಣೆಗಳಿಗೇ ಮುಳುವಾಯಿತು. ಕಾರಿದ್ದರೆ ಐದು ಗಂಟೆಯ ಕೆಲಸ ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ. 300 ಗಳಿಸಲು ಹೋಗಿ 1,200 ಬಿಟ್ಟುಕೊಟ್ಟಂತೆ. ಎರಡನೆಯ ರಾತ್ರಿಗೆ ಕಾಲುಭಾಗ ರಿಯಾಯಿತಿಯನ್ನೂ ಕೊಟ್ಟು ನೋಡಿದೆ. ಹೇಗೂ ಉಳಿಯುವವರು ರಿಯಾಯಿತಿ ಪಡೆದರು, ಹೊರಡುವವರು ಹೊರಟರು. ಒಂದು ಹಂಗಾಮಿನಲ್ಲಿ ಎಂಟು–ಹತ್ತು ಸಾವಿರ ಹೀಗೆ ಹೋಯಿತು. ಬೆಲೆ ಇಳಿಸಿದ್ದಕ್ಕೆ ಯಾರೂ ಊರಿನಲ್ಲಿ ನಿಲ್ಲುವುದಿಲ್ಲ. ನಾಳೆ ಬೆಳಗ್ಗೆ ಇಲ್ಲಿ ಏನೋ ಇದೆ, ಅದನ್ನು ಬಿಟ್ಟು ಹೋಗಬಾರದು ಅನ್ನಿಸಿದರೆ ನಿಲ್ಲುತ್ತಾರೆ.

ಆ ‘ಏನೋ’ ಯಾವುದೆಂದು ಊರಿನವರನ್ನೇ ಕೇಳೋಣವೆಂದು ಹೊರಟೆ. ಒಂದು ಮಳೆಗಾಲವೆಲ್ಲ ಇದೇ ಕೆಲಸ. ಗಾಂಧಿ ಚೌಕದಲ್ಲಿ, ಬಸ್ ನಿಲ್ದಾಣದಲ್ಲಿ, ಕಿರಾಣಿ ಅಂಗಡಿಯಲ್ಲಿ, ಬೆಳಗಿನ ವಾಯುವಿಹಾರದವರ ನಡುವೆ, ಸಿಕ್ಕವರನ್ನೆಲ್ಲ ‘ನಮ್ಮ ಊರಿನಲ್ಲಿ ಏನು ನೋಡಬೇಕು?’ ಎಂದು ಕೇಳಿದೆ. ನೂರು ಜನರಿಗೆ ಕಡಿಮೆಯಿಲ್ಲ. ಎಲ್ಲರ ಬಾಯಲ್ಲೂ ಗೋಳಗುಮ್ಮಟ. ಎರಡನೆಯದು ಇಬ್ರಾಹಿಂ ರೋಜಾ. ಮೂರನೆಯದಾಗಿ ತಮ್ಮ ಭಾವಮೈದುನನ ಬಟ್ಟೆ ಅಂಗಡಿ ಹೇಳಿದವರೂ ಇದ್ದರು.

ಒಬ್ಬ ಟಾಂಗಾ ಕಾಕಾನಿಂದ ದಾರಿ ಸಿಕ್ಕಿತು. ಅವರನ್ನೂ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಪಡೆದು, ಸುಮ್ಮನೆ ಮಾತಿಗೆ, ‘ಕಾಕಾ, ಮಗಳ ಬೀಗರು ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗಿದ್ದಿರಿ?’ ಎಂದೆ. ಅವರು ಯೋಚಿಸಲೇ ಇಲ್ಲ. ‘ಉಪ್ಪಲಿ ಬುರುಜಿಗೆ. ಸಂಜೆ ಐದರ ಮೇಲೆ. ಅಲ್ಲಿ ಗಾಳಿ ಇರುತ್ತದೆ, ಊರೆಲ್ಲ ಕಾಣುತ್ತದೆ, ಕಾಸು ಖರ್ಚಾಗುವುದಿಲ್ಲ’ ಎಂದರು. ಸ್ಥಳ, ಹೊತ್ತು, ಕಾರಣ ಮೂರೂ ಒಂದೇ ಉಸಿರಿನಲ್ಲಿ ಬಂದವು. ‘ನೋಡಬೇಕಾದದ್ದು ಏನು’ ಎಂದರೆ ಜನ ಪಠ್ಯಪುಸ್ತಕ ಒಪ್ಪಿಸುತ್ತಾರೆ. ‘ಬೀಗರನ್ನು ಎಲ್ಲಿಗೆ ಕರೆದುಕೊಂಡು ಹೋದಿರಿ’ ಎಂದರೆ ನಿಜವಾಗಿ ಹೋದ ಜಾಗ ಹೇಳುತ್ತಾರೆ. ಬೀಗರ ಮುಂದೆ ಯಾರೂ ಮಾನ ಕಳೆದುಕೊಳ್ಳಲು ಒಪ್ಪುವುದಿಲ್ಲವಾದ್ದರಿಂದ ಆ ಜಾಗ ಚೆನ್ನಾಗಿಯೇ ಇರುತ್ತದೆ.

ಮೊದಲಿನಿಂದ ಮತ್ತೆ ಕೇಳುತ್ತಾ ಬಂದೆ. ಈ ಸಲ ಬಂದ ಉತ್ತರಗಳು ಬೇರೆಯೇ ಊರಿನವು ಎನ್ನುವಂತಿದ್ದವು.

ಮೂರು ಕಟ್ಟಳೆ ಹಾಕಿಕೊಂಡೆ. ಹೊತ್ತು ಹೇಳದ ಸಲಹೆ ಹಾಳೆಗೆ ಏರುವುದಿಲ್ಲ. ಹೇಳಿದವರ ಅಥವಾ ಅವರ ನೆಂಟರ ವ್ಯಾಪಾರ ಏರುವುದಿಲ್ಲ. ನಾನೇ ಅದೇ ಹೊತ್ತಿಗೆ ಹೋಗಿ ಕುಳಿತು ನೋಡದೆ ಯಾವುದೂ ಏರುವುದಿಲ್ಲ. ಎರಡನೆಯ ಕಟ್ಟಳೆಗೆ ಬೆಲೆ ತೆತ್ತಿದ್ದೇನೆ: ಗುಮ್ಮಟದ ಕಡೆಯ ಒಬ್ಬ ಅಂಗಡಿಕಾರರು ತಿಂಗಳಿಗೆ 2,000 ಕೊಡುತ್ತೇನೆಂದು ಬಂದಿದ್ದರು, ಚಹಾ ಕುಡಿಸಿ ಕಳುಹಿಸಿದೆ. ಒಂದು ಸಾಲು ಮಾರಾಟವಾದರೆ ಉಳಿದ ಸಾಲುಗಳನ್ನೂ ಅತಿಥಿ ನಂಬುವುದಿಲ್ಲ.

ಹಾಳೆಯಲ್ಲಿ ಮೊದಲು ಹನ್ನೊಂದು ಸಲಹೆಗಳಿದ್ದವು, ಈಗ ಏಳು ಉಳಿದಿವೆ. ಸಾಮಾನ್ಯ ಹಳದಿ ಕಾಗದ, ಎರಡೂ ಬದಿ ಝೆರಾಕ್ಸ್, ಪ್ರತಿಗೆ ಎರಡು ರೂಪಾಯಿ. ಚಿತ್ರವಿಲ್ಲ. ಪ್ರತಿ ಸಲಹೆಯ ಕೆಳಗೆ ‘ಹೂ ಮಾರುವ ಅಕ್ಕ ಹೇಳಿದ್ದು’, ‘ನಿವೃತ್ತ ಕನ್ನಡ ಮಾಸ್ತರರು ಹೇಳಿದ್ದು’ ಎಂದಷ್ಟೇ ಇರುತ್ತದೆ. ಹೆಸರು ಹಾಕುವುದಿಲ್ಲ, ಹಾಕಿದರೆ ಅತಿಥಿಗಳು ಅವರ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ.

ಎಲ್ಲರೂ ಹುಚ್ಚು ಎಂದದ್ದು ಕ್ರಮದ ವಿಚಾರದಲ್ಲಿ. ನನ್ನ ಹಾಳೆಯಲ್ಲಿ ಬಂದ ದಿನ ಗೋಳಗುಮ್ಮಟ ಇಲ್ಲವೇ ಇಲ್ಲ. ‘ವಿಜಯಪುರಕ್ಕೆ ಕರೆದು ಗುಮ್ಮಟ ತೋರಿಸದವನು ನೀನೊಬ್ಬನೇ’ ಎಂದು ನನ್ನ ಅಣ್ಣನೇ ಬೈದ. ಪ್ರವಾಸಿ ವಾಹನ ಓಡಿಸುವವರೊಬ್ಬರು ‘ಜನ ಜಗಳ ಆಡುತ್ತಾರೆ, ನೋಡುತ್ತಿರಿ’ ಎಂದರು. ಯಾರೂ ಜಗಳ ಆಡಲಿಲ್ಲ, ಏಕೆಂದರೆ ಗುಮ್ಮಟವನ್ನು ನಾನು ಬಚ್ಚಿಡುವುದಿಲ್ಲ. ದೂರದಿಂದ ತೋರಿಸಿ ಆಸೆ ಹುಟ್ಟಿಸುತ್ತೇನೆ.

ಮೊದಲ ದಿನ ಮಧ್ಯಾಹ್ನ ಊಟ, ನಿದ್ದೆ. ನಾಲ್ಕರ ಹೊತ್ತಿಗೆ ಊರಿನ ಪಶ್ಚಿಮ ದಿಕ್ಕಿಗೆ ಕಳುಹಿಸುತ್ತೇನೆ. ಮೊದಲು ತಾಜ್ ಬಾವಡಿ. ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ಬಾವಿ ಅದು. ದೊಡ್ಡ ಕಮಾನಿನ ಎರಡು ಪಕ್ಕಗಳಲ್ಲಿ ಎಂಟು ಮೂಲೆಗಳುಳ್ಳ ಒಂದೊಂದು ಗೋಪುರ, ಒಳಗೆ ಕೆರೆಯಷ್ಟು ನೀರು. ಅಲ್ಲಿಂದ ಇಬ್ರಾಹಿಂ ರೋಜಾ, ಐದರ ಒಳಗೆ. ಈ ಹೊತ್ತನ್ನು ಹೇಳಿದವರು ಮಾಸ್ತರರು. ಮಸೀದಿ ಪಶ್ಚಿಮಕ್ಕಿದೆ, ಗೋರಿ ಪೂರ್ವಕ್ಕೆ, ನಡುವೆ ನೀರಿನ ಕೊಳ. ಇಳಿಬಿಸಿಲು ಗೋರಿಯ ಮುಖದ ಮೇಲೆ ಬೀಳುತ್ತದೆ. ಕಲ್ಲಿನ ಜಾಲರಿಗಳಲ್ಲಿ ಕೊರೆದ ಅರಬ್ಬಿ ಅಕ್ಷರಗಳು ಆಗ ಎದ್ದು ಕಾಣುತ್ತವೆ; ಮಧ್ಯಾಹ್ನ ಒಂದು ಗಂಟೆಗೆ ಅವೆಲ್ಲ ಬರೀ ತೂತುಗಳು. ಕಟ್ಟಿಸಿದವನ ಹೆಸರು ಎಲ್ಲರೂ ಹೇಳುತ್ತಾರೆ. ಕಟ್ಟಿದ ಮಲಿಕ್ ಸಂದಲ್‌ನ ಹೆಸರು ಅಲ್ಲಿನ ಶಾಸನದಲ್ಲೇ ಇದೆ, ಅದನ್ನು ಹುಡುಕಿ ನೋಡಿ ಬನ್ನಿ ಎಂದು ಹಾಳೆಯಲ್ಲಿ ಬರೆದಿದ್ದೇನೆ. ಹುಡುಕಲು ಒಂದು ಕೆಲಸವಿದ್ದರೆ ಜನ ಇನ್ನೂ ಅರ್ಧ ಗಂಟೆ ಹೆಚ್ಚು ನಿಲ್ಲುತ್ತಾರೆ. ಮಕ್ಕಳಿದ್ದ ಕುಟುಂಬಕ್ಕೆ ಇದೇ ಬಗೆಯ ಕೆಲಸ ಮಲಿಕ್-ಎ-ಮೈದಾನ್ ತೋಪಿನ ಬಳಿ: ಸುಮಾರು 55 ಟನ್ ತೂಕದ, 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಆ ತೋಪಿನ ಬಾಯಿ ಸಿಂಹದ ಮುಖದಂತಿದೆ, ಅದರ ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಆನೆ ಎಲ್ಲಿದೆ ಹೇಳು ಎಂದರೆ ಸಾಕು. ಶಾಲೆಯ ಬಸ್ ಓಡಿಸುವ ಒಬ್ಬರು ಕೊಟ್ಟ ಸಲಹೆ ಇದು, ನನಗೆ ಬಹಳ ಮೆಚ್ಚುಗೆಯದು.

ಬೆಳಕು ಆರುವ ಮುನ್ನ ಕಾಕಾ ಹೇಳಿದ ಉಪ್ಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ್ದು, 80 ಅಡಿಯ ಆಸುಪಾಸು ಎತ್ತರ, ಹೊರಗಿನಿಂದ ಸುತ್ತಿ ಏರುವ ಮೆಟ್ಟಿಲು. ಮೇಲೆ ಎರಡು ಉದ್ದನೆಯ ತೋಪುಗಳು. ಅಲ್ಲಿ ನಿಂತು ಪೂರ್ವಕ್ಕೆ ತಿರುಗಿದರೆ ಊರಿನ ಮನೆಗಳ ಮೇಲೆ ಗೋಳಗುಮ್ಮಟ ಒಂದೇ ಎದ್ದು ನಿಂತಿರುತ್ತದೆ. ಹಾಳೆಯಲ್ಲಿ ಅಲ್ಲಿಗೆ ಒಂದು ಸಾಲು ಬರುತ್ತದೆ: ‘ಅಲ್ಲಿಗೆ ನಾಳೆ ಬೆಳಗ್ಗೆ ಆರಕ್ಕೆ.’ ಆ ಸಾಲು ಓದಿದವರಲ್ಲಿ ರಾತ್ರಿ ಬಸ್ಸಿಗೆ ಹೋದವರು ತೀರಾ ಕಡಿಮೆ.

ಬೆಳಗ್ಗೆ ಬಾಗಿಲು ತೆರೆಯುವಾಗ ಗುಮ್ಮಟದ ತೋಟದಲ್ಲಿ ನಡೆಯಲು ಬಂದ ಊರಿನವರಷ್ಟೇ ಇರುತ್ತಾರೆ. ಮೂಲೆಯ ಏಳಂತಸ್ತಿನ ಗೋಪುರದ ಕಿರಿದಾದ ಮೆಟ್ಟಿಲು ಹತ್ತಿ ಗ್ಯಾಲರಿಗೆ ಹೋದರೆ ಪಾರಿವಾಳದ ರೆಕ್ಕೆ ಬಡಿದರೂ ಕೇಳುತ್ತದೆ. ಇಬ್ಬರು ಎದುರುಬದುರು ಗೋಡೆಗೆ ಮುಖ ಮಾಡಿ ಕುಳಿತು, ಒಬ್ಬರು ಈ ಹಳದಿ ಹಾಳೆಯನ್ನೇ ಮೆಲ್ಲಗೆ ಮಡಚಿದರೆ ಇನ್ನೊಬ್ಬರ ಕಿವಿಯಲ್ಲಿ ಸರಸರ. ಚಪ್ಪಾಳೆ ಹೊಡೆಯಬೇಡಿ, ಕೂಗಬೇಡಿ ಎಂದು ಬರೆದಿದ್ದೇನೆ. ಗ್ಯಾಲರಿಯಲ್ಲಿ ಕುಳಿತುಕೊಳ್ಳಲು ಒಂದು ನಿರ್ದಿಷ್ಟ ಜಾಗವಿದೆ. ಅದನ್ನು ನನ್ನ ಅತಿಥಿಗಳಿಗೆ ಬಾಯಿಮಾತಿನಲ್ಲಿ ಹೇಳುತ್ತೇನೆ, ಹಾಳೆಯಲ್ಲೂ ಹಾಕಿಲ್ಲ, ಇಲ್ಲಿಯೂ ಹಾಕುವುದಿಲ್ಲ. ಎಂಟರ ಒಳಗೆ ಕೆಳಗಿಳಿಯಬೇಕು. ಎದುರಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ; ಇದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ.

ಎರಡನೆಯ ದಿನದ ಸಂಜೆ ಬಾರಾ ಕಮಾನ್. 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್ ಶಾಹನ ಮುಗಿಯದ ಗೋರಿ, ಕರಿಕಲ್ಲಿನ ಕಮಾನುಗಳು, ಮೇಲೆ ಮಾಳಿಗೆಯಿಲ್ಲ. ಹೇಳಿದವನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ. ದಿನವಿಡೀ ಓದಿ ತಲೆ ಕಾದಾಗ ಅಲ್ಲಿಗೆ ಹೋಗಿ ಹುಲ್ಲಿನ ಮೇಲೆ ಮಲಗುತ್ತಾನಂತೆ, ಕಮಾನುಗಳ ನಡುವೆ ಆಕಾಶದ ಬಣ್ಣ ಬದಲಾಗುವುದನ್ನು ನೋಡುತ್ತಾನಂತೆ. ನನ್ನ ಮಟ್ಟಿಗೆ ಇಡೀ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಸಂಜೆ ಇಲ್ಲ. ಗುರುವಾರವಾದರೆ ಬದಲಿಗೆ ಜೋಡ ಗುಮ್ಮಟ. ಹೂ ಮಾರುವ ಅಕ್ಕನ ಸಲಹೆ ಅದು. ಅಲ್ಲಿನ ದರ್ಗಾಕ್ಕೆ ಎಲ್ಲ ಜಾತಿಮತದವರೂ ಹರಕೆ ಹೊತ್ತು ಬರುತ್ತಾರೆ.

ಹೆಂಗಸರ ಸಲಹೆಗಳನ್ನು ಪಡೆದದ್ದು ನನ್ನ ಹೆಂಡತಿ. ಇದನ್ನು ಪ್ರತ್ಯೇಕವಾಗಿ ಬರೆಯಬೇಕು. ನಾನು ಕೇಳಿದ ಗಂಡಸರೆಲ್ಲ ಪ್ರವಾದಿಯವರ ಕೂದಲು ಇಟ್ಟಿರುವ ಆಸಾರ್ ಮಹಲ್ ಹೇಳಿದ್ದರು. ಒಬ್ಬರೂ ಅಲ್ಲಿ ಹೆಂಗಸರನ್ನು ಒಳಗೆ ಬಿಡುವುದಿಲ್ಲ ಎಂದು ಹೇಳಿರಲಿಲ್ಲ. ಪುಣೆಯಿಂದ ಬಂದಿದ್ದ ಮೂವರು ಮಹಿಳೆಯರು ಬಿಸಿಲಿನಲ್ಲಿ ಹೋಗಿ ಹೊರಗಿನ ಕೊಳ ನೋಡಿ ಹಿಂತಿರುಗಿದಾಗ ವಿಷಯ ಹೊರಬಿತ್ತು. ಈಗ ಆ ಸಾಲು ಹಾಳೆಯಲ್ಲಿಲ್ಲ. ಎಲ್ಲಿ ಶೌಚಾಲಯ ಬಳಸುವಂತಿದೆ, ಸಂಜೆ ಏಳರ ಮೇಲೆ ಯಾವ ರಸ್ತೆಯಲ್ಲಿ ನಡೆಯಬಹುದು, ಯಾವ ಖಾನಾವಳಿಯಲ್ಲಿ ಒಬ್ಬ ಹೆಂಗಸು ನಿಶ್ಚಿಂತೆಯಿಂದ ಕುಳಿತು ಉಣ್ಣಬಹುದು, ಇವನ್ನೆಲ್ಲ ಅವಳು ನೆರೆಯ ಅಕ್ಕಂದಿರನ್ನು ಕೇಳಿ ಸೇರಿಸಿದಳು. ಒಬ್ಬೊಬ್ಬರೇ ಬರುವ ಮಹಿಳಾ ಅತಿಥಿಗಳು ಹೆಚ್ಚಾದದ್ದು ಆಮೇಲೆಯೇ.

ಊಟದ ಸಾಲು ಒಂದೇ ಇದೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ಯಾವ ಖಾನಾವಳಿ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ಇಪ್ಪತ್ತು ಜನ ಕೂರುವಷ್ಟೇ ಜಾಗ. ಇದನ್ನು ಓದುವವರು ತಮ್ಮ ಊರಿನದನ್ನು ಹುಡುಕಬೇಕಾದರೆ ಒಂದು ಗುರುತು ಕೊಡುತ್ತೇನೆ: ಮಧ್ಯಾಹ್ನ ಎರಡೂವರೆಗೆ ಹೋಗಿ ನೋಡಿ, ಪಕ್ಕದ ಅಂಗಡಿಗಳ ಮಾಲೀಕರೇ ಬಂದು ಉಣ್ಣುತ್ತಿದ್ದರೆ ಅದೇ ಸರಿಯಾದ ಜಾಗ.

ಇನ್ನು ಅಡ್ಡದಾರಿಯ ಪ್ರಯೋಗಗಳು. ಕುಮಟಗಿಯ ಜಲಮಹಲಿಗೆ ಆಟೋ ಕಳುಹಿಸಿ ನೋಡಿದೆ, ಸುಮಾರು 20 ಕಿಲೋಮೀಟರ್. ಆದಿಲ್‌ಶಾಹಿಗಳ ಬೇಸಿಗೆಯ ವಿಹಾರದ ಜಾಗ, ಗೋಡೆಗಳ ಮೇಲೆ ಮಾಸಿದ ಚಿತ್ರಗಳು, ನೀರು ಮಳೆಯಂತೆ ಸುರಿಯುವಂತೆ ಮಾಡಿದ್ದ ಏರ್ಪಾಡು. ನನಗೆ ಪ್ರಾಣ, ಅತಿಥಿಗಳಿಗೆ ಅಷ್ಟು ಹಿಡಿಸಲಿಲ್ಲ. ಆಟೋಗೆ 700 ಕೊಟ್ಟು ಹೋಗಿ, ನೆರಳು ತಿಂಡಿ ಎರಡೂ ಇಲ್ಲದೆ ಬೇಗ ತಿರುಗಿ ಬಂದರು. ಇತಿಹಾಸದ ಹುಚ್ಚಿದ್ದವರಿಗೆ ಮಾತ್ರ ಈಗ ಹೇಳುತ್ತೇನೆ.

ನೀರಿನ ನಡಿಗೆ ಚೆನ್ನಾಗಿ ಕೂಡಿಬಂತು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬ್‌ನಿಂದ ಕೊಳವೆಗಳಲ್ಲಿ ಈ ಒಣ ಊರಿಗೆ ನೀರು ಬರುತ್ತಿತ್ತು. ಕೊಳವೆಯ ಒತ್ತಡ ಇಳಿಸಲು, ಹೂಳು ತಂಗಿಸಲು ದಾರಿಯುದ್ದಕ್ಕೂ ಕಟ್ಟಿದ ಗೋಪುರಗಳನ್ನು ನಾವು ‘ಗಂಜ್’ ಎನ್ನುತ್ತೇವೆ. ಓಣಿಯ ನಡುವೆ, ಮನೆಗಳ ಸಂದಿಯಲ್ಲಿ ಕೆಲವು ಇನ್ನೂ ನಿಂತಿವೆ. ದಿನವೂ ಅವುಗಳ ನೆರಳಿನಲ್ಲಿ ಸ್ಕೂಟರ್ ನಿಲ್ಲಿಸುವವರಿಗೂ ಅವು ಏನೆಂದು ಗೊತ್ತಿಲ್ಲ. ನಿವೃತ್ತ ಎಂಜಿನಿಯರೊಬ್ಬರು ತಮ್ಮ ಬೀಗರನ್ನು ಕರೆದುಕೊಂಡು ಹೋದದ್ದು ಇಲ್ಲಿಗೇ! ಬೀಗರಿಗೆ ಬೇಸರವಾಯಿತೋ ಏನೋ, ನನ್ನ ಅತಿಥಿಗಳಲ್ಲಿ ಎಂಜಿನಿಯರುಗಳು, ವಾಸ್ತುಶಿಲ್ಪ ಓದುವ ಮಕ್ಕಳು ಇದಕ್ಕೆಂದೇ ಮೂರನೆಯ ದಿನ ಉಳಿದಿದ್ದಾರೆ. ತಲೆಗೆ 250 ರೂಪಾಯಿಯಂತೆ ನಾನೇ ಕರೆದುಕೊಂಡು ಹೋಗುತ್ತೇನೆ. ಗಂಜ್‌ಗಳನ್ನು ಯಾವ ಓಣಿಯಿಂದ ಯಾವ ಓಣಿಗೆ ಜೋಡಿಸುತ್ತೇನೆ ಎಂಬುದು ನನ್ನ ಹತ್ತಿರವೇ ಇರಲಿ. ಅದನ್ನು ಹೊಂದಿಸಲು ಒಂದು ಚಳಿಗಾಲವೇ ಹಿಡಿಯಿತು.

ಜನವರಿಯಲ್ಲಿ ಇನ್ನೊಂದು ಸಾಲು ಬರುತ್ತದೆ: ಹೊಲದಲ್ಲಿ ಸೀತನಿ. ಎಳೆಯ ಜೋಳದ ತೆನೆ ಸುಟ್ಟು, ಕೈಯಲ್ಲಿ ತಿಕ್ಕಿ, ಬಿಸಿಯಾಗಿರುವಾಗಲೇ ಶೇಂಗಾ ಹಿಂಡಿಯೊಂದಿಗೆ ತಿನ್ನುವುದು. ಒಬ್ಬ ರೈತ ಗೆಳೆಯನ ಹೊಲಕ್ಕೆ ಕಳುಹಿಸುತ್ತೇನೆ. ದುಡ್ಡು ನೇರವಾಗಿ ಅವನಿಗೇ ಹೋಗುತ್ತದೆ, ನಡುವೆ ನಾನಿಲ್ಲ. ಬೆಂಗಳೂರಿನಿಂದ ಬಂದವರಲ್ಲಿ ಗೋಳಗುಮ್ಮಟಕ್ಕಿಂತ ಇದನ್ನೇ ನೆನೆದು ಮತ್ತೆ ಬಂದವರಿದ್ದಾರೆ.

ಭಾಷೆಯ ವಿಚಾರದಲ್ಲೂ ಕೈ ಸುಟ್ಟುಕೊಳ್ಳುವಷ್ಟು ಖರ್ಚಾಯಿತು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಬೇರೆ ಬೇರೆ ಹಾಳೆ ಮಾಡಿಸಿದೆ. ಸೊಲ್ಲಾಪುರ, ಪಂಢರಪುರದ ಕಡೆಯಿಂದ ಬರುವವರಿಗೆ ಮರಾಠಿ ಹಾಳೆಯಿಂದ ನಿಜವಾಗಿ ಉಪಯೋಗವಾಯಿತು. ಇಂಗ್ಲಿಷ್ ಹಾಳೆಯನ್ನು ಅನುವಾದ ಮಾಡಿಸಲು ಕೊಟ್ಟ 3,000 ಮಾತ್ರ ದಂಡ. ಟಾಂಗಾ ಕಾಕಾನ ಮಾತು ಅದರಲ್ಲಿ ಸರ್ಕಾರಿ ಫಲಕದಂತಾಗಿತ್ತು. ಕೊನೆಗೆ ಕಾಲೇಜಿನಲ್ಲಿ ಓದುವ ಮಗಳೇ ಕುಳಿತು ಬರೆದಳು.

ಲೆಕ್ಕ ಹೇಳುತ್ತೇನೆ, ನೆನಪಿನಿಂದ. ಮೊದಲು ನವೆಂಬರ್‌ನಿಂದ ಫೆಬ್ರವರಿಯವರೆಗಿನ ಹಂಗಾಮಿನಲ್ಲಿ ನಾಲ್ಕೂ ಕೋಣೆಗಳಿಂದ ತಿಂಗಳಿಗೆ ಅರವತ್ತು ರಾತ್ರಿ ತುಂಬಿದರೆ ಹೆಚ್ಚು. ಈಗ ತೊಂಬತ್ತರ ಹತ್ತಿರ. ಬಂದವರಲ್ಲಿ ಸುಮಾರು ಅರ್ಧದಷ್ಟು ಜನ ಎರಡನೆಯ ರಾತ್ರಿ ಉಳಿಯುತ್ತಾರೆ. ಮೊದಲು ಹತ್ತರಲ್ಲಿ ಒಬ್ಬರೋ ಇಬ್ಬರೋ. ತಿಂಗಳಿಗೆ 30–35 ಸಾವಿರ ಹೆಚ್ಚಿಗೆ ಬರುತ್ತಿದೆ, ಝೆರಾಕ್ಸ್ ಖರ್ಚು 200 ದಾಟುವುದಿಲ್ಲ. ಟಾಂಗಾ ಕಾಕಾನಿಗೆ ವಾರದಲ್ಲಿ ಮೂರು–ನಾಲ್ಕು ಬಾಡಿಗೆ ಸಿಗುತ್ತವೆ, ಅರ್ಧ ದಿನಕ್ಕೆ 600. ಅದರಲ್ಲಿ ನಾನು ಒಂದು ರೂಪಾಯಿ ಮುಟ್ಟುವುದಿಲ್ಲ. ಬೈದಿದ್ದ ಅಣ್ಣ ತನ್ನ ಮನೆಯ ಮೇಲೆಯೂ ಎರಡು ಕೋಣೆ ಕಟ್ಟಿಸುತ್ತಿದ್ದಾನೆ. ಜನ ಜಗಳ ಆಡುತ್ತಾರೆ ಎಂದಿದ್ದ ಚಾಲಕರು ತಮ್ಮ ಗಿರಾಕಿಗಳಿಗೆಂದು ಹಾಳೆಯ ಒಂದು ಕಟ್ಟು ಕೇಳಿ ಒಯ್ದರು.

ನಿಮ್ಮ ಊರಿನಲ್ಲಿ ಮಾಡುವವರಿಗೆ ಒಂದು ಮಾತು. ನನ್ನ ಹಾಳೆಯನ್ನು ನಕಲು ಮಾಡಿ ಸ್ಥಳಗಳ ಹೆಸರು ಬದಲಿಸಿದರೆ ಕೆಲಸ ಆಗುವುದಿಲ್ಲ. ಬೀದರಿನಲ್ಲಿ ಒಬ್ಬರು ಹಾಗೆ ಮಾಡಿ ಕೈಬಿಟ್ಟರು. ಮಳೆಗಾಲದಲ್ಲಿ ಗಿರಾಕಿಗಳು ಕಡಿಮೆ, ಆಗ ಕೇಳಲು ಹೊರಡಿ. ಅಂಗಡಿಯವರನ್ನು ಮಧ್ಯಾಹ್ನ ಮೂರಕ್ಕೆ ಕೇಳಿ, ಹೆಂಗಸರನ್ನು ನೀವು ಕೇಳಬೇಡಿ, ಮನೆಯ ಹೆಂಗಸರು ಕೇಳಲಿ. ನಲವತ್ತು ಜನರಾದ ಮೇಲೆ ಒಂದೇ ಜಾಗ, ಒಂದೇ ಹೊತ್ತು ಮತ್ತೆ ಮತ್ತೆ ಬರತೊಡಗುತ್ತದೆ. ಅಲ್ಲಿಯವರೆಗೆ ಏನನ್ನೂ ಅಚ್ಚು ಹಾಕಿಸಬೇಡಿ. ಪ್ರತಿ ವರ್ಷ ಒಂದೆರಡು ಸಾಲು ತೆಗೆದು ಹೊಸದು ಹಾಕಿ. ರಸ್ತೆ ಅಗೆದಿರುತ್ತಾರೆ, ಖಾನಾವಳಿಯ ಅಡುಗೆಯವರು ಬದಲಾಗಿರುತ್ತಾರೆ.

ನನಗೆ ಇನ್ನೂ ಬಗೆಹರಿಯದೆ ಉಳಿದದ್ದು ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಎಲ್ಲಿಗೆ ಕಳುಹಿಸುವುದು? ಆ ತಿಂಗಳುಗಳಲ್ಲಿ ಬೀಗರು ಬಂದರೆ ಮನೆಯಲ್ಲೇ ಮಜ್ಜಿಗೆ ಕೊಟ್ಟು ಮಲಗಿಸುತ್ತೇವೆ ಎಂದೇ ಎಲ್ಲರೂ ಹೇಳುತ್ತಿದ್ದಾರೆ. ಬೇಸಿಗೆಯ ಹಾಳೆಯಲ್ಲಿ ಸದ್ಯಕ್ಕೆ ಅದನ್ನೇ ಬರೆದಿದ್ದೇನೆ, ಮಜ್ಜಿಗೆ ನಮ್ಮ ಮನೆಯದು.